‘ನಾ ನೋಡಿದ್ರ ಅವರದೇನರ ಕಡಿಮಿ ಆತೇನು?’

ಪುಣೆಯ ವಾಕಡ್‌ನಲ್ಲಿರುವ ನಮ್ಮ ಸೊಸೈಟಿಯ ಕನ್ನಡದವರಿಗೆ ಒಂದು ವಾಟ್ಸಾಪ್ ಗ್ರೂಪ್ ಇದೆ. ಹುಬ್ಬಳ್ಳಿಗೆ ಹೋಗುವ ಕಾರಿನಲ್ಲಿ ಜಾಗ ಇದೆಯಾ, ಊರಿಂದ ಜೋಳದ ಹಿಟ್ಟು ಯಾರು ತರಿಸುತ್ತಿದ್ದಾರೆ ಎಂಬಂಥ ಮಾತೇ ಅಲ್ಲಿ ಜಾಸ್ತಿ. ಒಂದು ಶನಿವಾರ ಸಂಜೆ ಅದರಲ್ಲಿ ಟೆಲಿಗ್ರಾಂ ಲಿಂಕ್ ಒಂದು ಬಂತು. ಹಿಂದಿನ ದಿನವಷ್ಟೇ ಬಿಡುಗಡೆಯಾದ ಕನ್ನಡ ಸಿನಿಮಾದ್ದು. ನಮ್ಮ ಕಡೆಯ ಮಲ್ಟಿಪ್ಲೆಕ್ಸ್‌ನಲ್ಲಿ ಆ ಸಿನಿಮಾಕ್ಕೆ ಸಿಕ್ಕಿದ್ದು ಒಂದೇ ಶೋ, ಅದೂ ರಾತ್ರಿ 10.40ಕ್ಕೆ. ಲಿಂಕ್ ಹಾಕಿದವರಿಗೆ ಸುಮಾರು ಜನ ಥ್ಯಾಂಕ್ಸ್ ಹೇಳಿದರು.

ಆಗ ನಾನು ಅಕ್ಕನ ಮನೆಯಲ್ಲಿದ್ದೆ. ಅವಳ ಮಗನಿಗೆ 16 ವರ್ಷ. ಅವನ ಫೋನಿಗೆ ಸಿನಿಮಾ ಆಗಲೇ ಇಳಿಯುತ್ತಿತ್ತು. ‘ಬ್ಯಾಡ ಬಿಡೋ’ ಎಂದೆ. ಅವನು ಜಗಳಕ್ಕೆ ನಿಲ್ಲಲಿಲ್ಲ. ನಿಜವಾಗಿ ತಿಳಿಯಬೇಕು ಎನ್ನುವ ಹಾಗೆ ಕೇಳಿದ: ‘ನಾ ನೋಡಿದ್ರ ಅವರದೇನರ ಕಡಿಮಿ ಆತೇನು ಮಾವಶಿ?’

ಕಳ್ಳತನ ತಪ್ಪು ಕಣೋ ಎಂದು ಹೇಳಿ ಮುಗಿಸಬಹುದಿತ್ತು. ಬಾಯಿಗೆ ಬರಲಿಲ್ಲ. ಅವನು ಕೇಳಿದ್ದು ಸುಳ್ಳಲ್ಲ ಅಲ್ವಾ? ಯಾರದೋ ಸೈಕಲ್ ತೆಗೆದುಕೊಂಡು ಹೋದರೆ ಅವರ ಹತ್ತಿರ ಸೈಕಲ್ ಇರುವುದಿಲ್ಲ. ಸಿನಿಮಾ ಇಳಿಸಿಕೊಂಡರೆ ಸಿನಿಮಾ ಅಲ್ಲೇ ಇರುತ್ತದೆ.

ಕಾನೂನು ಕೂಡ ಇವೆರಡನ್ನು ಬೇರೆ ಬೇರೆ ಇಟ್ಟಿದೆ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ ಕಳ್ಳತನ ಎಂದರೆ ಇನ್ನೊಬ್ಬರ ವಶದಲ್ಲಿರುವ ವಸ್ತುವನ್ನು ಅವರ ಒಪ್ಪಿಗೆ ಇಲ್ಲದೆ ಸಾಗಿಸುವುದು. ಪೈರಸಿ ಬರುವುದು 1957ರ ಕಾಪಿರೈಟ್ ಕಾಯ್ದೆಯ ಕೆಳಗೆ. ಅಮೆರಿಕದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಎಲ್ವಿಸ್ ಪ್ರೀಸ್ಲಿಯ ಹಾಡುಗಳನ್ನು ಅನುಮತಿ ಇಲ್ಲದೆ ರೆಕಾರ್ಡ್ ಮಾಡಿ ಮಾರುತ್ತಿದ್ದವನ ಪ್ರಕರಣ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. 1985ರಲ್ಲಿ ಕೋರ್ಟ್, ಇದು ಕಾಪಿರೈಟ್ ಮುರಿದದ್ದು ನಿಜ, ಆದರೆ ಆ ರೆಕಾರ್ಡ್‌ಗಳನ್ನು ‘ಕದ್ದ ಮಾಲು’ ಎನ್ನಲಾಗದು ಎಂದಿತು.

ಕಳ್ಳತನ ಅಲ್ಲ ಎಂದ ಮಾತ್ರಕ್ಕೆ ಸರಿ ಎಂದಾಗುವುದಿಲ್ಲ. ಮಾತು ಕೊಟ್ಟು ತಪ್ಪುವುದೂ ಕಳ್ಳತನ ಅಲ್ಲ. ಹಾಗಾದರೆ ಇದು ಎಂಥ ತಪ್ಪು?

ಪುಣೆಯಲ್ಲಿ ಬೆಳೆದ ಹುಡುಗನಿಗೆ ಗಣಪತಿಯ ವರ್ಗಣಿ ಗೊತ್ತು. ನಮ್ಮ ಕಡೆ ಅದಕ್ಕೆ ಪಟ್ಟಿ ಎನ್ನುತ್ತೇವೆ, ಬೇರೆ ಕಡೆ ವಂತಿಗೆ. ಮಂಡಳದ ಹುಡುಗರು ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಬರುತ್ತಾರೆ. ಯಾರೋ ಐನೂರು ಕೊಡುತ್ತಾರೆ, ಯಾರೋ ಐವತ್ತು. ಕೊಡದವರೂ ಪೆಂಡಾಲಿಗೆ ಬರುತ್ತಾರೆ, ಗಣಪತಿಗೆ ಕೈ ಮುಗಿಯುತ್ತಾರೆ, ಪ್ರಸಾದ ತಿನ್ನುತ್ತಾರೆ. ಅವರು ನೋಡಿದರು ಎಂದು ಗಣಪತಿಯ ಕಿವಿ ಕರಗುವುದಿಲ್ಲ. ಯಾರ ದರ್ಶನವೂ ಕಡಿಮೆಯಾಗುವುದಿಲ್ಲ. ಆದರೆ ಪೆಂಡಾಲು ನಿಂತಿರುವುದು ಕೊಟ್ಟವರಿಂದ. ಎಲ್ಲರೂ ‘ನಾನೊಬ್ಬ ಕೊಡದಿದ್ದರೆ ಏನಾಯ್ತು’ ಎಂದುಕೊಂಡರೆ ಈ ವರ್ಷದ ಗಣಪತಿಗೆ ಏನೂ ಆಗುವುದಿಲ್ಲ. ಮುಂದಿನ ವರ್ಷ ಪೆಂಡಾಲು ಏಳುವುದಿಲ್ಲ.

ಸಿನಿಮಾ, ಹಾಡು, ಗೇಮ್ ಮೂರೂ ಹೀಗೆಯೇ. ಮೊದಲ ಪ್ರತಿ ಮಾಡುವ ಹೊತ್ತಿಗೆ ಕೋಟಿಗಟ್ಟಲೆ ಹಣ, ವರ್ಷಗಟ್ಟಲೆ ಕೆಲಸ ಹೋಗಿರುತ್ತದೆ. ಎರಡನೆಯ ಪ್ರತಿಗೆ ಖರ್ಚೇ ಇಲ್ಲ. ಹಾಗಾಗಿ ಮೊದಲ ಪ್ರತಿಯ ಖರ್ಚನ್ನು ನೋಡುವವರೆಲ್ಲ ಹಂಚಿಕೊಳ್ಳಬೇಕು. ಟಿಕೆಟ್ ಅನ್ನುವುದು ಆ ಪಟ್ಟಿಯ ರಸೀದಿ. ಪೈರಸಿ ಎಂದರೆ ಪಟ್ಟಿ ತಪ್ಪಿಸಿಕೊಂಡು ಪ್ರಸಾದಕ್ಕೆ ಮಾತ್ರ ಕೈ ಚಾಚುವುದು.

ಈ ಹೋಲಿಕೆಯಲ್ಲಿ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ಕಟ್ಟಡದ ವಾಚ್‌ಮನ್ ಹತ್ತಿರ ಯಾರೂ ಒತ್ತಾಯ ಮಾಡಿ ವರ್ಗಣಿ ಕೇಳುವುದಿಲ್ಲ. ಅವನೂ ದರ್ಶನಕ್ಕೆ ಬರುತ್ತಾನೆ, ಯಾರಿಗೂ ಅದು ತಪ್ಪು ಅನ್ನಿಸುವುದಿಲ್ಲ. ನಾನು ಧಾರವಾಡದಲ್ಲಿ ಓದುವಾಗ ಹೊಸ ಕ್ಯಾಸೆಟ್ ಕೊಳ್ಳುವಷ್ಟು ಕಾಸು ಇರುತ್ತಿರಲಿಲ್ಲ. ಖಾಲಿ ಕ್ಯಾಸೆಟ್ ಮತ್ತು ಹಾಡುಗಳ ಪಟ್ಟಿ ಕೊಟ್ಟರೆ ಎರಡು ದಿನದಲ್ಲಿ ತುಂಬಿಸಿಕೊಡುವ ಅಂಗಡಿ ಇತ್ತು. ನನ್ನ ಕಿವಿ ತಯಾರಾದದ್ದು ಆ ಕ್ಯಾಸೆಟ್‌ಗಳಿಂದ. ಅದೂ ಪೈರಸಿಯೇ. ಆಗ ಹಾಗೆ ಅನ್ನಿಸಿರಲಿಲ್ಲ. ಈಗ ಯೋಚಿಸಿದರೆ, ನಾನು ಕೊಳ್ಳುವ ಸ್ಥಿತಿಯಲ್ಲೇ ಇರಲಿಲ್ಲ, ಹಾಗಾಗಿ ನನ್ನಿಂದ ಯಾರಿಗೂ ಬರಬೇಕಾದ ಹಣ ತಪ್ಪಲಿಲ್ಲ. ತಪ್ಪಿದ್ದರೆ ಅದು ದುಡ್ಡು ತೆಗೆದುಕೊಂಡು ತುಂಬಿಸಿಕೊಟ್ಟ ಅಂಗಡಿಯವನಿಂದ. ಇವತ್ತು ಪುಣೆಯ ಐಟಿ ಪ್ರದೇಶವಾದ ಹಿಂಜವಡಿಯಲ್ಲಿ ಕೆಲಸ ಮಾಡುವ ನನಗೆ ಈ ಮಾತು ಹೊಂದುವುದಿಲ್ಲ. ನಮ್ಮ ಗ್ರೂಪಿನಲ್ಲಿ ಥ್ಯಾಂಕ್ಸ್ ಹೇಳಿದ ಬಹಳಷ್ಟು ಜನರಿಗೂ ಹೊಂದುವುದಿಲ್ಲ.

ಟಿಕೆಟ್ಟಿನ ಲೆಕ್ಕ ನೋಡೋಣ. 236 ರೂಪಾಯಿಯ ಟಿಕೆಟ್ ಎಂದುಕೊಳ್ಳಿ. ನೂರು ರೂಪಾಯಿ ದಾಟಿದ ಟಿಕೆಟ್ಟಿಗೆ ಜಿಎಸ್‌ಟಿ 18%. ಅದರಲ್ಲಿ 36 ರೂಪಾಯಿ ಸರ್ಕಾರಕ್ಕೆ ಹೋಯಿತು. ಉಳಿದ 200ರಲ್ಲಿ ಚಿತ್ರಮಂದಿರಕ್ಕೂ ಸಿನಿಮಾದವರಿಗೂ ಪಾಲು. ಈ ಪಾಲಿನ ಜಗಳದಿಂದಲೇ 2009ರಲ್ಲಿ ಎರಡು ತಿಂಗಳು ಮಲ್ಟಿಪ್ಲೆಕ್ಸ್‌ಗಳಲ್ಲಿ ಹೊಸ ಹಿಂದಿ ಸಿನಿಮಾಗಳ ಬಿಡುಗಡೆ ನಿಂತುಹೋಗಿತ್ತು. ಆಮೇಲೆ ಆದ ಒಪ್ಪಂದದಲ್ಲಿ ಮೊದಲ ವಾರ ಸಿನಿಮಾದವರಿಗೆ ಅರ್ಧ, ಮುಂದೆ ವಾರ ವಾರಕ್ಕೂ ಅವರ ಪಾಲು ಇಳಿಯುತ್ತಾ ಹೋಗುವುದು ಎಂದಾಯಿತು. ಅಂದರೆ ಮೊದಲ ವಾರ ನೀವು ಕೊಟ್ಟ 236ರಲ್ಲಿ ಸುಮಾರು 100 ರೂಪಾಯಿ ಸಿನಿಮಾದ ಕಡೆಗೆ ಹೋಗುತ್ತದೆ.

ಆದರೆ ಪುಣೆಯಲ್ಲಿ ಕನ್ನಡ ಸಿನಿಮಾದ ಮಟ್ಟಿಗೆ ಆ ನೂರು ರೂಪಾಯಿಗಿಂತ ದೊಡ್ಡದು ಸೀಟಿನ ಎಣಿಕೆ. ಶುಕ್ರವಾರ, ಶನಿವಾರ, ಭಾನುವಾರ ಎಷ್ಟು ಸೀಟು ತುಂಬಿತು ಎಂದು ನೋಡಿ ಮುಂದಿನ ವಾರ ಶೋ ಇಡುವುದೋ ಬೇಡವೋ ಎಂದು ತೀರ್ಮಾನ ಮಾಡುತ್ತಾರೆ. ದೊಡ್ಡ ಹಿಂದಿ ಸಿನಿಮಾಕ್ಕೆ ಮೂವತ್ತು ಜನ ಬರದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಪರಊರಿನಲ್ಲಿ ಒಂದೇ ಶೋ ಸಿಕ್ಕಿರುವ ಕನ್ನಡ ಸಿನಿಮಾಕ್ಕೆ ಆ ಮೂವತ್ತು ಜನವೇ ಎಲ್ಲ. ನಾನೂ ಅಕ್ಕನ ಮಗನೂ ಭಾನುವಾರ ರಾತ್ರಿ ಆ ಸಿನಿಮಾಕ್ಕೆ ಹೋದೆವು. ಒಳಗಿದ್ದದ್ದು 11 ಜನ. ಹುಡುಗ ಎರಡು ಸಲ ಎಣಿಸಿದ. ಗ್ರೂಪಿನಲ್ಲಿ ಥ್ಯಾಂಕ್ಸ್ ಹೇಳಿದವರು ಅದಕ್ಕಿಂತ ಜಾಸ್ತಿ ಇದ್ದರು. ಮುಂದಿನ ಶುಕ್ರವಾರ ಆ ಶೋ ಇರಲಿಲ್ಲ. ‘ಇಲ್ಲಿ ಕನ್ನಡ ಸಿನಿಮಾನೇ ಹಾಕಲ್ಲ’ ಎಂದು ನಾವೆಲ್ಲ ದೂರುತ್ತೇವೆ. ಆ ದೂರಿನ ಜೊತೆಗೆ ಈ ಲೆಕ್ಕವನ್ನೂ ಇಟ್ಟು ನೋಡಬೇಕು.

ಇನ್ನು ಕಾನೂನು. ಇಲ್ಲಿ ಬಹಳ ಜನರಿಗೆ ತಪ್ಪು ತಿಳಿವಳಿಕೆ ಇದೆ. ಗೊತ್ತಿದ್ದೂ ಕಾಪಿರೈಟ್ ಮುರಿದರೆ ಕಾಪಿರೈಟ್ ಕಾಯ್ದೆಯ 63ನೇ ಕಲಂ ಪ್ರಕಾರ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಚಿತ್ರಮಂದಿರದಲ್ಲಿ ಕೂತು ತೆರೆಯನ್ನು ರೆಕಾರ್ಡ್ ಮಾಡುವವರಿಗೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ದಂಡದ ವಿಷಯದಲ್ಲಿ ಇನ್ನೂ ಬಿಗಿ: ಕನಿಷ್ಠ ಮೂರು ತಿಂಗಳು ಜೈಲು, ಕನಿಷ್ಠ 3 ಲಕ್ಷ ದಂಡ, ಆ ದಂಡ ಸಿನಿಮಾದ ಒಟ್ಟು ತಯಾರಿಕೆ ವೆಚ್ಚದ 5%ವರೆಗೂ ಏರಬಹುದು. ಕಳ್ಳಭಟ್ಟಿಯವರನ್ನು ಮುಂಜಾಗ್ರತೆಯಾಗಿ ಬಂಧಿಸಲು ಮಹಾರಾಷ್ಟ್ರದಲ್ಲಿರುವ ಕಾಯ್ದೆಯ ಹೆಸರಿನಲ್ಲೇ ವಿಡಿಯೋ ಪೈರೇಟ್‌ಗಳೂ ಸೇರಿದ್ದಾರೆ. ಕರ್ನಾಟಕದ ಗೂಂಡಾ ಕಾಯ್ದೆಯಲ್ಲೂ ಹಾಗೆಯೇ.

ಸುಮ್ನೆ ನೋಡುವವರ ಕಥೆ? 2016ರಲ್ಲಿ ಒಂದು ಹಿಂದಿ ಸಿನಿಮಾದ ಪೈರಸಿ ಪ್ರಕರಣ ಬಾಂಬೆ ಹೈಕೋರ್ಟಿನಲ್ಲಿತ್ತು. ತಡೆಹಿಡಿದ ಜಾಲತಾಣಗಳನ್ನು ತೆರೆದರೆ, ಇದನ್ನು ನೋಡುವುದೇ ಶಿಕ್ಷಾರ್ಹ ಎಂಬ ಎಚ್ಚರಿಕೆ ಕಾಣುತ್ತಿತ್ತು. ನ್ಯಾಯಮೂರ್ತಿ ಗೌತಮ್ ಪಟೇಲ್ ಅದನ್ನು ಬದಲಿಸಲು ಹೇಳಿದರು. ಅಪರಾಧ ಇರುವುದು ನೋಡುವುದರಲ್ಲಿ ಅಲ್ಲ, ಅನುಮತಿ ಇಲ್ಲದೆ ಹಂಚುವುದರಲ್ಲಿ, ಸಾರ್ವಜನಿಕವಾಗಿ ತೋರಿಸುವುದರಲ್ಲಿ, ಮಾರಾಟ ಅಥವಾ ಬಾಡಿಗೆಗೆ ಬಿಡುವುದರಲ್ಲಿ ಎನ್ನುವುದು ಅವರ ಮಾತಿನ ತಿರುಳು.

ಇದನ್ನು ಓದಿ ಹಗುರಾಗುವ ಮೊದಲು, ಫೈಲು ಇಳಿಸಿಕೊಳ್ಳುವ ಇನ್ನೊಂದು ದಾರಿಯಾದ ಟೊರೆಂಟ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕು. ಟೊರೆಂಟ್‌ನಲ್ಲಿ ಫೈಲು ಒಂದೇ ಕಡೆಯಿಂದ ಬರುವುದಿಲ್ಲ. ಅದು ನೂರಾರು ಚೂರುಗಳಾಗಿರುತ್ತದೆ. ನಿಮ್ಮ ಕಂಪ್ಯೂಟರಿಗೆ ಒಂದು ಚೂರು ಬಂದ ತಕ್ಷಣ ಅದನ್ನು ಇನ್ನೊಬ್ಬರಿಗೆ ಕಳಿಸಲು ಶುರು ಮಾಡುತ್ತದೆ. ಅಂದರೆ ಇಳಿಸಿಕೊಳ್ಳುವವರೇ ಹಂಚುವವರು. ನಾನು ನೋಡಿದೆ ಅಷ್ಟೇ ಎಂದು ಅಲ್ಲಿ ಹೇಳುವ ಹಾಗಿಲ್ಲ. ಗ್ರೂಪಿಗೆ ಲಿಂಕ್ ಹಾಕಿದವರೂ ಹಂಚಿದವರೇ. ನನ್ನ ಮಟ್ಟಿಗೆ ಗೆರೆ ಇರುವುದು ಇಲ್ಲಿ: ಒಬ್ಬರು ಮನೆಯಲ್ಲಿ ನೋಡಿದ್ದು ಸಣ್ಣ ತಪ್ಪು, ಇನ್ನೂರು ಜನರ ಗ್ರೂಪಿಗೆ ಹಾಕಿದ್ದು ಅದಕ್ಕಿಂತ ಬಹಳ ದೊಡ್ಡ ತಪ್ಪು. ಪ್ರೀತಿಯಿಂದ ಹಾಕಿದರೂ ಅಷ್ಟೇ.

ಆದರೆ ಕೊಡುವ ದಾರಿಯೇ ಇಲ್ಲದಿದ್ದರೆ? ಈ ಪ್ರಶ್ನೆಗೆ ಪುಣೆಗಿಂತ ಒಳ್ಳೆಯ ಊರಿಲ್ಲ.

ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂತು. ಅದರ ಚಿತ್ರೀಕರಣ ನಡೆದದ್ದು ಇಲ್ಲೇ ಹತ್ತಿರದ ಕೊಲ್ಹಾಪುರದ ಸ್ಟುಡಿಯೋದಲ್ಲಿ. ಇವತ್ತು ಅದರ ಒಂದು ಪ್ರತಿಯೂ ಉಳಿದಿಲ್ಲ. ಭಾರತದ ಮೊದಲ ಟಾಕಿ ‘ಆಲಂ ಆರಾ’ದ್ದೂ ಇದೇ ಕಥೆ. ಹಳೆಯ ರೀಲುಗಳನ್ನು ಅವುಗಳಲ್ಲಿನ ಬೆಳ್ಳಿ ತೆಗೆಯುವವರಿಗೆ ಮಾರಿದವರಿದ್ದರು. ರೀಲು ಬೆಂಕಿಗೂ ಬೇಗ ತುತ್ತಾಗುತ್ತಿತ್ತು. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದಾಗ ಎಷ್ಟೋ ಆಗಲೇ ಹೋಗಿತ್ತು. ಉಳಿದದ್ದರಲ್ಲೂ ಕೆಲವು 2003ರ ಬೆಂಕಿಯಲ್ಲಿ ಸುಟ್ಟುಹೋದವು. ಈ ಸಿನಿಮಾಗಳ ಮೇಲೆ ಹಕ್ಕು ಇದ್ದವರೇ ಅವನ್ನು ಕಾಪಾಡಲಿಲ್ಲ. ಯಾರಾದರೂ ಒಬ್ಬರು ಅನುಮತಿ ಕೇಳದೆ ಒಂದು ಪ್ರತಿ ಮಾಡಿ ಅಟ್ಟದ ಮೇಲೆ ಇಟ್ಟಿದ್ದರೆ, ಇವತ್ತು ಅವರನ್ನು ತಪ್ಪಿತಸ್ಥರು ಎನ್ನುತ್ತಿದ್ದೆವಾ? ನಾನು ಎನ್ನುತ್ತಿರಲಿಲ್ಲ.

ಅದೇ ಸಂಗ್ರಹಾಲಯದಲ್ಲಿ ಸರಿಯಾಗಿ ಉಳಿದದ್ದೂ ಇದೆ. ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದ ಗಿರೀಶ್ ಕಾಸರವಳ್ಳಿ 1977ರಲ್ಲಿ ಮಾಡಿದ ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಇಲ್ಲಿತ್ತು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ವಿದೇಶಿ ಸಂಸ್ಥೆಗಳ ಜೊತೆ ಸೇರಿ ಅದಕ್ಕೆ ಹೊಸ ಜೀವ ಕೊಟ್ಟಿತು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ತೆರೆ ಕಂಡಿತು. ಇಂಥ ಕೆಲಸಕ್ಕೆ ಹಣ, ಸಮಯ ಎರಡೂ ಬೇಕು. ಎಲ್ಲ ಸಿನಿಮಾಗಳಿಗೂ ಆ ಅದೃಷ್ಟ ಇಲ್ಲ. ಎಪ್ಪತ್ತರ ದಶಕದ ಒಂದು ಕನ್ನಡ ಸಿನಿಮಾ ಯಾವ ಒಟಿಟಿಯಲ್ಲೂ ಇಲ್ಲ, ಡಿವಿಡಿಯೂ ಸಿಗುವುದಿಲ್ಲ, ಆದರೆ ಯಾರೋ ಅಭಿಮಾನಿ ಹಳೆಯ ವಿಸಿಡಿಯಿಂದ ಯೂಟ್ಯೂಬಿಗೆ ಹಾಕಿದ್ದಾರೆ ಎಂದರೆ ನಾನು ನೋಡುತ್ತೇನೆ. ಅಲ್ಲಿ ನನ್ನ ಹಣ ತಲುಪುವ ದಾರಿಯನ್ನು ಯಾರೂ ತೆರೆದಿಟ್ಟಿಲ್ಲ. ನಾಳೆ ಅದೇ ಸಿನಿಮಾ ಚೆನ್ನಾಗಿ ತೊಳೆದ ಪ್ರತಿಯಾಗಿ ಬಂದರೆ ದುಡ್ಡು ಕೊಟ್ಟು ನೋಡುವುದು ನನ್ನ ಮೇಲಿನ ಸಾಲ. ಇನ್ನೊಂದು ವಿಷಯ: ಭಾರತದಲ್ಲಿ ಸಿನಿಮಾ ಮತ್ತು ರೆಕಾರ್ಡಿಂಗ್‌ಗಳ ಕಾಪಿರೈಟ್ 60 ವರ್ಷ. 1960ರಲ್ಲಿ ಬಂದ ಸಿನಿಮಾದ ಮೇಲಿನ ಹಕ್ಕು 2020ರ ಕೊನೆಗೆ ಮುಗಿಯಿತು. ಅದರೊಳಗಿನ ಹಾಡಿನ ಸಾಹಿತ್ಯ, ಸಂಗೀತದ ಹಕ್ಕು ಬೇರೆ, ಅದು ಬರೆದವರು ತೀರಿಕೊಂಡ ಮೇಲೆ 60 ವರ್ಷ ಉಳಿಯುತ್ತದೆ.

ಗೇಮ್‌ಗಳ ವಿಷಯಕ್ಕೆ ಬಂದಾಗ ಹುಡುಗನ ಮುಖ ಸ್ವಲ್ಪ ಸಣ್ಣದಾಯಿತು. ಅವನ ಲ್ಯಾಪ್‌ಟಾಪಿನಲ್ಲಿ ಕ್ರ್ಯಾಕ್ ಮಾಡಿದ, ಅಂದರೆ ದುಡ್ಡಿಲ್ಲದೆ ಆಡಲು ಬೀಗ ಮುರಿದ ಗೇಮ್‌ಗಳು ಆರೋ ಏಳೋ ಇದ್ದವು. ಇಲ್ಲಿ ಕಾನೂನು ಸಿನಿಮಾಗಿಂತ ಗಟ್ಟಿ. ಕಾಪಿರೈಟ್ ಕಾಯ್ದೆಯ 63ಬಿ ಕಲಂ ಪ್ರಕಾರ ಕಂಪ್ಯೂಟರ್ ಸಾಫ್ಟ್‌ವೇರ್‌ನ ಕಳ್ಳ ಪ್ರತಿಯನ್ನು ಗೊತ್ತಿದ್ದೂ ಬಳಸುವುದೇ ಅಪರಾಧ. ಕ್ರ್ಯಾಕ್ ಜೊತೆ ವೈರಸ್ ಬರುವ ಅಪಾಯವೂ ಇದೆ, ಅದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.

ಅವನ ಕಷ್ಟವೂ ನಿಜವೇ. ಹೊಸ ದೊಡ್ಡ ಗೇಮ್ ಎಂದರೆ ಮೂರು ನಾಲ್ಕು ಸಾವಿರ ರೂಪಾಯಿ. ನಾನು ಅವನಿಗೆ ‘ರಾಜಿ’ಯ ಬಗ್ಗೆ ಹೇಳಿದೆ. ಹಳೆಯ ಭಾರತದ ಕಥೆಯಿರುವ ಆ ಗೇಮ್ 2020ರಲ್ಲಿ ಬಂತು. ಮಾಡಿದ್ದು ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಪುಣೆಯದೇ ಸಣ್ಣ ತಂಡ. ಅದಕ್ಕಾಗಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ಹಣ ಕೂಡಿಸಲು ನೋಡಿದಾಗ ಗುರಿ ಮುಟ್ಟಲಿಲ್ಲ. ಆದರೂ ಬಿಡದೆ ಮುಗಿಸಿದರು. ಇಂಥ ತಂಡಕ್ಕೆ ಒಂದೊಂದು ಮಾರಾಟವೂ ಮುಂದಿನ ಗೇಮ್‌ನ ಇಟ್ಟಿಗೆ. ದೊಡ್ಡ ಕಂಪನಿಯ ಗೇಮ್ ಕ್ರ್ಯಾಕ್ ಮಾಡಿದರೆ ಸರಿ, ಸಣ್ಣವರದ್ದು ಮಾಡಿದರೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಪೆಟ್ಟು ಎಷ್ಟು ಜೋರಾಗಿ ಬೀಳುತ್ತದೆ ಎನ್ನುವುದರಲ್ಲಿ ವ್ಯತ್ಯಾಸ ಇದೆ. ಗೇಮ್ ದುಬಾರಿ ಎಂದರೆ ಸೇಲ್ ಬರುವವರೆಗೆ ಕಾಯಬಹುದು. ಎಪಿಕ್ ಸ್ಟೋರ್ ಎಂಬ ಆನ್‌ಲೈನ್ ಗೇಮ್ ಅಂಗಡಿ 2018ರಿಂದ ಆಗಾಗ ಗೇಮ್‌ಗಳನ್ನು ಉಚಿತವಾಗಿಯೇ ಕೊಡುತ್ತಿದೆ. ಇವತ್ತೇ ಆಡಬೇಕು ಎನ್ನುವುದು ಆಸೆ. ಹಸಿವಿಗೆ ಕೊಡುವ ವಿನಾಯಿತಿಯನ್ನು ಆಸೆಗೆ ಕೊಡಲು ನನಗೆ ಮನಸ್ಸಿಲ್ಲ.

ಆದರೆ ಕಂಪನಿಗಳೂ ದುಡ್ಡು ಕೊಡುವವರ ನಂಬಿಕೆಯನ್ನು ಕಾಪಾಡಿಲ್ಲ ಎನ್ನುವುದು ನನಗೆ ಬೇಸರದ ವಿಷಯ. 2014ರಲ್ಲಿ ಬಂದ ‘ದಿ ಕ್ರೂ’ ಎಂಬ ಕಾರು ಓಟದ ಗೇಮ್ ನಡೆಯಲು ಬೇಕಾದ ಸರ್ವರ್‌ಗಳನ್ನು ಅದರ ಕಂಪನಿ ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ದುಡ್ಡು ಕೊಟ್ಟು ಕೊಂಡವರೂ ಆಡುವ ಹಾಗಿಲ್ಲ. ನಾವು ‘ಬೈ’ (ಕೊಳ್ಳಿ) ಎಂಬ ಗುಂಡಿ ಒತ್ತಿ ಪಡೆಯುವುದು ವಸ್ತುವನ್ನಲ್ಲ, ಅವರು ಬಯಸಿದಷ್ಟು ದಿನ ಬಳಸುವ ಅನುಮತಿಯನ್ನು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಇದನ್ನು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸಲೇಬೇಕೆಂಬ ಕಾನೂನು ಬಂದಿದೆ. ಹಳೆಯ ಗೇಮ್‌ಗಳ ಸ್ಥಿತಿ ಇನ್ನೂ ಕೆಟ್ಟದ್ದು. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಂದ ಗೇಮ್‌ಗಳಲ್ಲಿ 87% ಇವತ್ತು ಮಾರುಕಟ್ಟೆಯಲ್ಲೇ ಸಿಗುವುದಿಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿತು. ಸತಿ ಸುಲೋಚನೆಯ ಕಥೆ ಅಲ್ಲೂ ನಡೆಯುತ್ತಿದೆ.

ಹಾಡಿನ ವಿಷಯದಲ್ಲಿ ಪೈರಸಿ ಈಗ ಮೊದಲಿನಷ್ಟು ಕಾಣುವುದಿಲ್ಲ. ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುವ ಕಾಲ ಹೋಯಿತು. ಆ್ಯಪ್‌ಗೆ ದುಡ್ಡು ಕೊಟ್ಟು ಕೇಳಿದರೆ ಹಾಡಿದವರಿಗೆ ಸೇರುತ್ತದಾ? ಪೂರ್ತಿ ಸೇರುವುದಿಲ್ಲ. ಸಾಮಾನ್ಯವಾಗಿ ಎಲ್ಲರ ಚಂದಾ ಹಣ ಒಂದೇ ರಾಶಿಗೆ ಹೋಗುತ್ತದೆ. ಒಟ್ಟು ಕೇಳಿದ್ದರಲ್ಲಿ ಯಾರ ಹಾಡು ಎಷ್ಟು ಪಾಲು ಎಂದು ನೋಡಿ ಹಂಚುತ್ತಾರೆ. ನಾನು ತಿಂಗಳಿಡೀ ಭಾವಗೀತೆ ಮಾತ್ರ ಕೇಳಿದರೂ ನನ್ನ ಹಣದ ದೊಡ್ಡ ಪಾಲು ದೇಶವೆಲ್ಲ ಕೇಳುವ ಹಾಡುಗಳಿಗೆ ಹೋಗುತ್ತದೆ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡನ್ನು ಹಿಂದಿನ 12 ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿರದಿದ್ದರೆ ಅದಕ್ಕೆ ಪಾಲೇ ಇಲ್ಲ. ನಮ್ಮ ಎಷ್ಟೋ ಸಣ್ಣ ಗಾಯಕರು ಆ ಗೆರೆಯ ಕೆಳಗೇ ಉಳಿಯುತ್ತಾರೆ.

ಒಂದು ಒಳ್ಳೆಯ ಬದಲಾವಣೆ ಆಗಿದೆ. ಸಿನಿಮಾಕ್ಕೆ ಹಾಡು ಮಾಡಿಸಿದ ನಿರ್ಮಾಪಕನೇ ಆ ಹಾಡಿನ ಮಾಲೀಕ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಕಾಪಿರೈಟ್ ಕಾಯ್ದೆಗೆ ಆದ 2012ರ ತಿದ್ದುಪಡಿ ಅದನ್ನು ತಿರುಗಿಸಿತು. ಕವಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ಮಾತಾಡಿದ್ದರು. ಈಗ ಹಾಡು ಚಿತ್ರಮಂದಿರದ ಹೊರಗೆ ಎಲ್ಲೇ ಬಳಕೆಯಾದರೂ ಬರೆದವರಿಗೆ, ಸಂಗೀತ ಕೊಟ್ಟವರಿಗೆ ರಾಯಲ್ಟಿಯಲ್ಲಿ ಸಮ ಪಾಲು ಬರಬೇಕು. ಆ ಹಕ್ಕನ್ನು ಅವರೇ ಬರೆದುಕೊಟ್ಟರೂ ಅದು ಕೈಬಿಟ್ಟುಹೋಗುವುದಿಲ್ಲ. ಆ್ಯಪ್‌ನಿಂದ ಬರುವುದು ಪೈಸೆಗಳೇ ಇರಬಹುದು. ಕಳ್ಳ ಎಂಪಿ3ಯಿಂದ ಅದೂ ಬರುವುದಿಲ್ಲ.

ಸಂಗೀತದಲ್ಲಿ ದುಡ್ಡಿಗಿಂತ ಬೇರೆ ಪ್ರಶ್ನೆಯೊಂದಿದೆ. ಅದು ನಮ್ಮ ಮನೆಗೇ ಬಂದಿದೆ.

ಧಾರವಾಡ ಮತ್ತು ಪುಣೆಯನ್ನು ಕಟ್ಟಿಹಾಕಿದ್ದು ಹಾಡು. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಅವರ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಇಲ್ಲಿ ಶುರು ಮಾಡಿದ ಉತ್ಸವ ಈಗಲೂ ನಡೆಯುತ್ತದೆ. ಆ ಕಾಲದ ರಸಿಕರು ಮನೆಯಲ್ಲಿ ನಡೆಯುವ ಸಣ್ಣ ಕಛೇರಿಗಳಾದ ಬೈಠಕ್‌ಗಳಿಗೆ ಟೇಪ್ ರೆಕಾರ್ಡರ್ ಒಯ್ಯುತ್ತಿದ್ದರು. ಒಬ್ಬರ ಟೇಪು ಇನ್ನೊಬ್ಬರಿಗೆ, ಅವರದ್ದು ಮತ್ತೊಬ್ಬರಿಗೆ. ಯಾರೂ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಎಷ್ಟೋ ಅಪರೂಪದ ರಾಗಗಳು ಉಳಿದದ್ದು ಹೀಗೆ. 1994ರ ತಿದ್ದುಪಡಿಯ ನಂತರ, ಹಾಡುವವರ ಒಪ್ಪಿಗೆ ಇಲ್ಲದೆ ಅವರ ಕಛೇರಿಯನ್ನು ರೆಕಾರ್ಡ್ ಮಾಡುವ ಹಾಗಿಲ್ಲ. ಈ ಹಕ್ಕು ಈಗ 50 ವರ್ಷ ಇರುತ್ತದೆ.

ನಮ್ಮ ಸೊಸೈಟಿಯ ಕಾಕಾ ಒಬ್ಬರ ಹತ್ತಿರ ಇಂಥ 40 ಕ್ಯಾಸೆಟ್‌ಗಳಿವೆ, ಎಲ್ಲವೂ ಎಂಬತ್ತರ ದಶಕದವು. ಬೂಸ್ಟು ಹಿಡಿಯುವ ಮೊದಲು ಕಂಪ್ಯೂಟರಿಗೆ ಹಾಕಿಕೊಡಿ ಎಂದು ಕೊಟ್ಟರು. ಅಕ್ಕನ ಮಗನೇ ವಯರು ಜೋಡಿಸಿದ. ಮೂರನೆಯ ಕ್ಯಾಸೆಟ್ಟಿನಲ್ಲಿ ಮಾರ್ವಾ ರಾಗದ ಹಾಡಿಕೆ ಒಂದು ಇತ್ತು. ಹಾಡಿದವರು ಈಗ ಇಲ್ಲ. ಹುಡುಗ ಹೆಡ್‌ಫೋನ್ ತೆಗೆಯದೆ ಪೂರ್ತಿ ಕೇಳಿದ, ಆಮೇಲೆ ‘ಇದನ್ನ ಯೂಟ್ಯೂಬಿಗೆ ಹಾಕೋಣು, ಎಲ್ಲಾರೂ ಕೇಳ್ತಾರ’ ಎಂದ. ನನಗೂ ಅದೇ ಆಸೆ ಆಯಿತು. ಇದನ್ನು ಯಾರೂ ಮಾರುತ್ತಿಲ್ಲ, ಹಾಗಾಗಿ ಯಾರ ಗಳಿಕೆಯೂ ತಪ್ಪುವುದಿಲ್ಲ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅವತ್ತ ಅವರಿಗೆ ಜ್ವರ ಇತ್ತು. ಮೊದಲ ಅರ್ಧ ತಾಸು ಷಡ್ಜನ ಹತ್ತಲಿಲ್ಲ. ನಾವು ಮನಿ ಮಂದಿ, ನಮಗ ಹಾಡಿದ್ರು. ಊರಿಗೆಲ್ಲ ಕೇಳಸ್ರಿ ಅಂತ ಅವರು ಹೇಳಿಲ್ಲ’ ಎಂದರು.

ಗಾಯಕರ ಮಗಳು ಪುಣೆಯಲ್ಲೇ ಇದ್ದಾರೆ. ಅವರಿಗೆ ಒಂದು ಪತ್ರ ಬರೆದು, ಪೆನ್ ಡ್ರೈವ್‌ನಲ್ಲಿ ಆ ಮಾರ್ವಾ ಹಾಕಿ ಹೋದ ವಾರ ಕಳಿಸಿದೆವು. ಲಕೋಟೆಯ ಮೇಲೆ ವಿಳಾಸ ಬರೆದದ್ದು ಹುಡುಗ. ಇನ್ನೂ ಉತ್ತರ ಬಂದಿಲ್ಲ. ಉಳಿದ 37 ಕ್ಯಾಸೆಟ್‌ಗಳನ್ನು ಅವನು ದಿನಕ್ಕೊಂದರಂತೆ ಹಾಕುತ್ತಿದ್ದಾನೆ. ಸದ್ಯಕ್ಕೆ ಎಲ್ಲವೂ ಕಾಕಾನ ಹಾರ್ಡ್ ಡಿಸ್ಕಿನಲ್ಲೇ ಇವೆ.